ಹಂಡೆಯ ಮೇಲೆ ಕೂತ ನಮ್ಮತ್ತೆ

ನಾನು ಮದುವೆಯಾಗಿ ಧಾರವಾಡಕ್ಕೆ ಬಂದ ಮೊದಲ ವರ್ಷವೇ ನಮ್ಮ ಮನೆಯ ಸ್ನಾನದ ಹಂಡೆ ಕಳುವಾಯಿತು. ಕಳುವು ಎಂದರೆ ಕತ್ತಲಲ್ಲಿ ಕನ್ನ ಹಾಕಿ ಒಯ್ದದ್ದಲ್ಲ. ಹಾಡಹಗಲು, ಮುಂಬಾಗಿಲಿನಿಂದ, ಚಹಾ ಕುಡಿದು, ನಮಸ್ಕಾರ ಹೇಳಿಸಿಕೊಂಡು ಒಯ್ದರು. ಗಾಡಿಗೆ ಹೇರುವಾಗ ಒಂದು ಕಡೆ ಹಿಡಿದು ಎತ್ತಿಕೊಟ್ಟವರು ಸ್ವತಃ ನಮ್ಮ ಮಾವನವರು.

ಆಗ ನನಗೆ ಹದಿನಾರರ ಪ್ರಾಯ. ತವರು ಅಮ್ಮಿನಬಾವಿ. ದೂರದ ಊರೇನಲ್ಲ, ಆದರೂ ಕಣ, ಕೊಟ್ಟಿಗೆ, ಎತ್ತುಗಳ ನಡುವೆ ಬೆಳೆದ ನನಗೆ ಧಾರವಾಡದ ಆ ಓಣಿ ಬೇರೆಯದೇ ದೇಶವಾಗಿ ಕಂಡಿತು. ಅಲ್ಲಿಯ ಜನ ಮೆಲ್ಲಗೆ ಮಾತಾಡುತ್ತಿದ್ದರು. ಸಂಜೆಯಾದರೆ ಒಂದು ಮನೆಯಿಂದ ತಂಬೂರಿ, ಇನ್ನೊಂದರಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ನನ್ನ ದನಿಯೋ, ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟಿಸಿ ರೂಢಿಯಾದದ್ದು. ಬಂದ ವಾರದಲ್ಲೇ ಅತ್ತೆ, "ನನಗ ಕೇಳಿದ್ರ ಸಾಕವಾ, ಓಣಿಗೆಲ್ಲಾ ಹಂಚಬ್ಯಾಡ" ಅಂದರು. ಅಂದಿನಿಂದ ನಾನು 'ಹೂಂ' ಮತ್ತು 'ಇಲ್ರಿ ಅತ್ಯಾರ' ಎಂಬೆರಡು ಮಾತಿನಲ್ಲೇ ಸಂಸಾರ ನಡೆಸಿದೆ. ಗಂಡ ಪುಣೆಯಲ್ಲಿ ವಕೀಲಿ ಓದುತ್ತಿದ್ದರು. ಮನೆಯಲ್ಲಿ ಇದ್ದವರು ಮೂರೇ ಜನ. ಅತ್ತೆ, ಮಾವ ಮತ್ತು ನಾನು.

ಮಾವನವರು ಕಲೆಕ್ಟರ್ ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಸಜ್ಜನರು. ಆದರೆ ಸರಕಾರ ಎಂದರೆ ಅವರಿಗೆ ದೇವರ ಮೇಲಿನ ಭಕ್ತಿಗಿಂತ ಒಂದು ಹಿಡಿ ಹೆಚ್ಚೇ ಭಕ್ತಿ. ಕಚೇರಿಯ ಚಪರಾಸಿ ಬಂದರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಓಣಿಯ ಹುಡುಗರು ಗಾಂಧಿ ಟೋಪಿ ಹಾಕಿಕೊಂಡು ಘೋಷಣೆ ಕೂಗುತ್ತ ಹೋದರೆ ಕಿಟಕಿ ಮುಚ್ಚಿ, "ಕೂಗವ್ರು ಕೂಗ್ತಾರ, ನಮ್ಮ ಪೆನ್ಶನ್ ಗತಿ ಏನು?" ಎನ್ನುತ್ತಿದ್ದರು. ಅತ್ತೆ ಕುಳ್ಳು, ತುಸು ದಪ್ಪ. ನಡೆದರೆ ಗಾಳಿಯೇ ದಾರಿ ಬಿಡಬೇಕು. ಅವರು ನಕ್ಕದ್ದನ್ನು ನಾನು ಆ ತನಕ ನೋಡಿರಲಿಲ್ಲ.

ಇನ್ನು ಆ ಹಂಡೆ. ಅತ್ತೆಯ ಮದುವೆಯಲ್ಲಿ ಅವರ ಅಪ್ಪ ಕೊಟ್ಟದ್ದು. ಒಳ್ಳೆ ದಪ್ಪ ತಾಮ್ರ. ಒಳಗೆ ಒಂದು ಮಗು ಅಡಗಿ ಕೂತರೂ ಕಾಣುತ್ತಿರಲಿಲ್ಲ. ಹಾಗೆಂದು ಊಹಿಸಿ ಹೇಳುತ್ತಿಲ್ಲ, ನನ್ನ ಗಂಡ ಚಿಕ್ಕವರಿದ್ದಾಗ ಶಾಲೆ ತಪ್ಪಿಸಲು ಅದರೊಳಗೇ ಕೂತಿರುತ್ತಿದ್ದರಂತೆ. ಒಮ್ಮೆ ಅದನ್ನು ನಗಾರಿ ಎಂದುಕೊಂಡು ಒನಕೆಯಿಂದ ಬಾರಿಸಿ ತೂತು ಮಾಡಿದ್ದರು. ಅಲ್ಲಿಗೆ ಹಾಕಿಸಿದ ತೇಪೆ ಥೇಟು ಮಾವಿನಕಾಯಿಯ ಆಕಾರದ್ದು. ಅತ್ತೆ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಆ ತೇಪೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸುತ್ತಿದ್ದರು. ಮಗ ಪುಣೆಗೆ ಹೋದ ಮೇಲೆ ಶುರುವಾದ ರೂಢಿ ಅದು ಎಂದು ಪಕ್ಕದ ಮನೆಯವರು ನನಗೆ ಹೇಳಿದ್ದರು.

ಆ ವರ್ಷ ಹುಬ್ಬಳ್ಳಿಯಲ್ಲಿ ಇಲಿ ಬೀಳುತ್ತಿವೆ, ಪ್ಲೇಗು ಬಂದರೂ ಬರಬಹುದು ಎಂಬ ಸುದ್ದಿ ಹಬ್ಬಿತ್ತು. ಒಂದು ಮುಂಜಾನೆ ನಾವು ಓಣಿಯ ಹೆಂಗಸರೆಲ್ಲ ಕೌದಿ ಒಗೆಯಲು ಕೆಲಗೇರಿ ಕೆರೆಗೆ ಹೋದೆವು. ಇಡೀ ದಿನ ಕೌದಿ ಕುಕ್ಕಿ, ದಂಡೆಯ ಮೇಲೆ ಒಣಗಹಾಕಿ, ಬುತ್ತಿ ಉಂಡು ಮನೆಗೆ ಬಂದರೆ ಹೊಸ್ತಿಲಲ್ಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಕಾಲು ತೊಳೆಯಲು ಬಚ್ಚಲಿಗೆ ಹೋದವರು ಅಲ್ಲೇ ನಿಂತರು. ಒಲೆ ಇತ್ತು. ಒಲೆಯ ಮೇಲೆ ಹಂಡೆ ಇರಲಿಲ್ಲ.

"ಏನ್ರೀ, ಹಂಡೇ ಎಲ್ಲೆ?"

ಮಾವನವರು ಪಡಸಾಲೆಯಿಂದಲೇ ಹೆಮ್ಮೆಯಿಂದ ಹೇಳಿದರು: "ಸರಕಾರದವ್ರು ಒಯ್ದಾರ."

"ಯಾಕ? ಸರಕಾರಕ್ಕ ಜಳಕಾ ಮಾಡ್ಲಿಕ್ಕೆ ಹಂಡೇ ಇರಲಿಲ್ಲೇನು?"

"ನಿನಗ ತಿಳಿಯೂದಿಲ್ಲ. ಪ್ಲೇಗಿನ ಸಾಹೇಬ್ರು ಬಂದಿದ್ರು. ಹ್ಯಾಟು, ಖಾಕಿ ಕೋಟು, ಬೂಟು. ಎಷ್ಟು ಮರ್ಯಾದಿಂದ ಮಾತಾಡಿದ್ರು ಅಂತಿ! ಪ್ಲೇಗಿನ ಹುಳಾ ತಾಮ್ರದ ಭಾಂಡ್ಯಾಕ್ಕ ಅಂಟಿಕೊಂಡು ಕೂಡ್ತಾವಂತ. ಔಷಧದಾಗ ತೊಳದು ಸೋಮವಾರ ತಿರುಗಿ ಕಳಸ್ತಾರ. ಚಹಾ ಕೊಟ್ಟೆ. ಭಾರ ಭಾಳ ಇತ್ತು ನೋಡು, ನಾನs ಒಂದು ಕಡೆ ಹಿಡದು ಎತ್ತಿಕೊಟ್ಟೆ."

ಅತ್ತೆ ಖಾಲಿ ಒಲೆಯ ಬೂದಿ ತೆಗೆಯಲು ಕೂತರು. ಸೋಮವಾರ ಬಂತು, ಹೋಯಿತು. ಓಣಿಯ ಇನ್ನೂ ಕೆಲವು ಮನೆಗಳಿಂದ ಹಂಡೆ, ಕೊಪ್ಪರಿಗೆಗಳು ಔಷಧಕ್ಕೆ ಹೋದವು ಹೋದಂತೆಯೇ ಇದ್ದವು. ಮಾವನವರು ಮೊದಮೊದಲು, "ಸರಕಾರಿ ಕೆಲಸ, ತಡಾ ಆಗೂದs" ಎಂದರು. ಕೊನೆಗೆ ಅತ್ತೆಯ ಕಾಟ ತಾಳದೆ ಮುನಸಿಪಾಲಿಟಿಗೆ ವಿಚಾರಿಸಲು ಹೋದರು. ತಿರುಗಿ ಬಂದವರು ಛತ್ರಿಯನ್ನು ಮೂಲೆಗಿಟ್ಟು, ಕೋಟು ಸಹ ತೆಗೆಯದೆ ಕೂತುಬಿಟ್ಟರು. ಅಂಥ ಸಾಹೇಬನನ್ನು ಮುನಸಿಪಾಲಿಟಿ ಕಳಿಸಿಯೇ ಇರಲಿಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಈಗ ಅತ್ತೆ ಇವರನ್ನು ಹುರಿದು ಮುಕ್ಕುತ್ತಾರೆ ಎಂದು ಕಾದೆ. ಅತ್ತೆ ಹಾಗೇನೂ ಮಾಡಲಿಲ್ಲ. ಊಟಕ್ಕೆ ಕರೆದು, ಬಿಸಿ ಅನ್ನದ ಮೇಲೆ ಎಂದಿಗಿಂತ ಹೆಚ್ಚು ತುಪ್ಪ ಬಡಿಸಿ, "ಉಣ್ರಿ, ಆರ್ತದ" ಅಂದರು. ಮಾವನವರು ತಲೆ ತಗ್ಗಿಸಿಕೊಂಡೇ, "ಪೊಲೀಸ್ರಿಗೆ ತಿಳಸೂದು ಬ್ಯಾಡ. ಇಷ್ಟು ವರ್ಷ ಕಚೇರಿಯೊಳಗ ಇದ್ದಾಂವ ಕಳ್ಳಗ ಕೈ ಹಚ್ಚಿ ಹಂಡೇ ಎತ್ತಿಕೊಟ್ಟ ಅಂತ ಊರಾಗ ನಗ್ತಾರ" ಎಂದರು. "ಆತು, ಬ್ಯಾಡ" ಎಂದರು ಅತ್ತೆ. ನನಗೆ ಆಶ್ಚರ್ಯ. ನಾನು ಅಷ್ಟು ಹೆದರಿದ್ದ ಹೆಂಗಸು ಇವರೇನಾ ಅನ್ನಿಸಿತು.

ಕೆಲವು ದಿನ ಹೋದವು. ಉಣಕಲ್ಲಿನಿಂದ ಕಾಯಿಪಲ್ಯ ತರುವ ಹೆಂಗಸೊಬ್ಬಳು ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಮಾತಿಗೆ ಮಾತು ಬಂದು, "ಕೌದಿ ಒಗ್ಯಾಕ ಹೋಗಿದ್ರೆಲ್ಲಾ, ಅವತ್ತs ನಾ ನೋಡೀನ್ರಿ. ನಮ್ಮೂರ ಕೆರಿ ಮುಂದ ಒಂದು ಚಕ್ಕಡಿ ಹೊಂಟಿತ್ತು. ಅದರ ತುಂಬ ಹಂಡೇ. ಮುಂದ ಟೊಪಿಗಿ ಸಾಹೇಬ ಕುಂತಿದ್ದ. ಹುಬ್ಬಳ್ಳಿ ಕಡೆ ಹ್ವಾತು" ಎಂದಳು. ಅತ್ತೆ ಬದನೆಕಾಯಿ ಆರಿಸುತ್ತಿದ್ದ ಕೈ ನಿಲ್ಲಿಸಿದರು.

ಅದೇ ಸಂಜೆ ಮಾವನವರಿಗೆ, "ನಾಳೆ ಸೊಸೀನ್ನ ಕರಕೊಂಡು ಹುಬ್ಬಳ್ಳಿಗೆ ಮಠಕ್ಕ ಹೋಗಿ ಬರ್ತೇನ್ರಿ" ಎಂದರು. ದೇವರ ಕೆಲಸಕ್ಕೆ ಮಾವನವರು ಬೇಡ ಅನ್ನುವವರಲ್ಲ.

ಮರುದಿನ ಮುಂಜಾನೆಯ ರೈಲಿನಲ್ಲಿ ನಾವಿಬ್ಬರೇ. ಅತ್ತೆ ಭಕ್ರಿ, ಶೇಂಗಾ ಚಟ್ನಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಗಾಡಿ ಹೊರಟ ಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ನಿನಗ ಸುಳ್ಳು ಹೇಳಲಿಕ್ಕೆ ಬರ್ತದೇನು?"

ಏನು ಉತ್ತರ ಕೊಟ್ಟರೆ ಸರಿಯೋ ತಿಳಿಯಲಿಲ್ಲ. "ಇಲ್ರಿ ಅತ್ಯಾರ" ಎಂದೆ.

"ಹಂಗಾದ್ರ ಬಾಯಿ ಮುಚ್ಚಿಕೊಂಡಿರು. ನೀ ನನ್ನ ಮಗಳು, ನಿನ್ನ ಲಗ್ನಕ್ಕ ಹಂಡೇ ತಗೋಳಿಕ್ಕೆ ಬಂದೇವಿ. ತಾಳಿ ಸೆರಗಿನೊಳಗ ಹಾಕ್ಕೊ."

"ಕಾಲುಂಗುರ ಕಾಣಸ್ತಾವಲ್ರಿ?"

ಅತ್ತೆ ನನ್ನ ಕಾಲು ನೋಡಿದರು. "ಸೀರಿ ಇಳಿಬಿಟ್ಟು ನಡಿ. ಎಡವಿ ಬಿದ್ದರ ಮಾತ್ರ ಲಗ್ನ ಮುರೀತದ ನೋಡು" ಎಂದು ಹೇಳಿ ನಕ್ಕುಬಿಟ್ಟರು. ಆ ನಗೆ ಎಂಥದ್ದೆಂದರೆ ಇಡೀ ಮೈ ಕುಲುಕುತ್ತಿತ್ತು, ತೊಡೆಯ ಮೇಲಿನ ಬುತ್ತಿಯ ಗಂಟೂ ಕುಲುಕುತ್ತಿತ್ತು. ನನಗೂ ತಡೆಯಲಾಗಲಿಲ್ಲ. ನನ್ನ ಹೊಲದ ದನಿಯ ನಗು ರೈಲಿನ ಡಬ್ಬಿಯ ತುಂಬ ಕೇಳಿಸಿತು. ಓಣಿಗೆ ಹಂಚಬೇಡ ಎಂದವರು ಈಗ ಏನೂ ಅನ್ನಲಿಲ್ಲ.

ಹುಬ್ಬಳ್ಳಿಯಲ್ಲಿ ತಾಮ್ರ-ಹಿತ್ತಾಳೆಯ ಪೇಟೆ ಹುಡುಕುವುದು ಕಷ್ಟವಿರಲಿಲ್ಲ. ಸದ್ದು ಕೇಳಿದ ಕಡೆ ನಡೆದರಾಯಿತು. ಎರಡೂ ಬದಿಗೆ ಅಂಗಡಿಗಳು. ಕೊಡ, ತಪೇಲಿ, ಪರಾತಗಳ ರಾಶಿ. ಸುತ್ತಿಗೆಯ ಪೆಟ್ಟಿಗೆ ಕಿವಿ ತಮಟೆಯಾಗುತ್ತಿತ್ತು. ಅತ್ತೆ ಒಂದೊಂದೇ ಅಂಗಡಿಗೆ ಹೊಕ್ಕು, "ಹಳೇದಾದ್ರೂ ನಡೀತದ್ರಿ, ದಪ್ಪ ಇರಬೇಕು" ಎನ್ನುತ್ತ ಹಂಡೆಗಳನ್ನು ಹೊರಳಿಸಿ ನೋಡಿದರು. ನಾನು ಮದುವೆಯಾಗಬೇಕಾದ ಹುಡುಗಿಯ ಹಾಗೆ ತಲೆ ತಗ್ಗಿಸಿ ಹಿಂದೆ ನಿಂತಿರುತ್ತಿದ್ದೆ. ಬಿಸಿಲೇರಿತು. ನನಗೆ ಆಸೆ ಬಿಟ್ಟುಹೋಗುವ ಹೊತ್ತಿಗೆ, ಓಣಿಯ ತುದಿಯ ಒಂದು ದೊಡ್ಡ ಅಂಗಡಿಯಲ್ಲಿ, ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು.

ಹಂಡೆ ಒಳಗಿನ ಗೋಡೆಗೆ ಒರಗಿತ್ತು. ಚೆನ್ನಾಗಿ ಬೆಳಗಿ ಇಟ್ಟಿದ್ದರು. ಹೊಟ್ಟೆಯ ಮೇಲೆ ಮಾವಿನಕಾಯಿ.

"ಇದು ಎಲ್ಲಿಂದ ಬಂತ್ರಿ?" ಅತ್ತೆ ಕೇಳಿದರು. ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ.

ಅಂಗಡಿಯವನು ವಯಸ್ಸಾದ, ಮೃದು ಮಾತಿನ ಮನುಷ್ಯ. "ಸರಕಾರದವ್ರು ಲಿಲಾವಿನ್ಯಾಗ ಮಾರೂ ಮಾಲ್ರಿ ಅವ್ವಾರ. ಪ್ಲೇಗಿನ ಸಾಹೇಬ್ರು ತಂದು ಕೊಡ್ತಾರ. ಛಲೋ ಮಂದಿ."

ಅತ್ತೆ ಹಂಡೆಯನ್ನು ಅಂಗಡಿಯ ನಡುವೆ ಉರುಳಿಸಿಕೊಂಡು ಬಂದರು. ಬೋರಲು ಹಾಕಿದರು. ಸೆರಗು ಸುತ್ತಿಕೊಂಡು ಅದರ ಮೇಲೆ ಕೂತರು.

"ಇದು ನಂದು. ಫೌಜದಾರ್ರು ಬರೂತನಕಾ ನಾ ಏಳೂದಿಲ್ಲ."

ಅಂಗಡಿಯವನು ಮೊದಲು ನಗೆಯಾಡಿದ. ಆಮೇಲೆ ಕೈಮುಗಿದ. "ಅವ್ವಾರ, ಗಿರಾಕಿ ಬರೂ ಹೊತ್ತು, ಹಿಂಗ ಕುಂತ್ರ ಹ್ಯಾಂಗ್ರಿ?" ಎಂದ. ಚಹಾ ತರಿಸಿದ, ಅತ್ತೆ ಹೊರಗಿನದು ಕುಡಿಯುವವರಲ್ಲ. ಮಣೆ ತರಿಸಿ, "ಇದರ ಮ್ಯಾಲೆ ಕೂಡ್ರಿ, ಆರಾಮ ಐತಿ" ಎಂದು ಆಸೆ ತೋರಿಸಿದ. ಅತ್ತೆ ಅಲುಗಲಿಲ್ಲ. ಅಷ್ಟರಲ್ಲಿ ಪಕ್ಕದ ಅಂಗಡಿಗಳ ಸುತ್ತಿಗೆಗಳು ಒಂದೊಂದಾಗಿ ನಿಂತವು. ಜನ ಸೇರಿದರು. ಯಾರೋ, "ಏನೈತಿ ಅಲ್ಲಿ?" ಎಂದು ಕೇಳಿದರೆ ಇನ್ಯಾರೋ, "ಒಬ್ಬಾಕಿ ಅಮ್ಮಾರು ಸತ್ಯಾಗ್ರಹಕ್ಕ ಕುಂತಾರ" ಎಂದುಬಿಟ್ಟರು.

ಆ ದಿನಗಳಲ್ಲಿ ಆ ಒಂದು ಮಾತು ಸಾಕಾಗಿತ್ತು. ಎಲ್ಲಿದ್ದರೋ, ಗಾಂಧಿ ಟೋಪಿಯ ತರುಣರ ಗುಂಪೊಂದು ಓಡಿಬಂದು, ಯಾತಕ್ಕೆ ಸತ್ಯಾಗ್ರಹ ಎಂದು ಕೇಳುವ ಮೊದಲೇ 'ವಂದೇ ಮಾತರಂ' ಎಂದಿತು. ಜನ ದನಿಗೂಡಿಸಿದರು. ಹೂ ಮಾರುವವಳೊಬ್ಬಳು ಒಂದು ಸೇವಂತಿಗೆ ಮಾಲೆಯನ್ನು ಅತ್ತೆಯ ಕೊರಳಿಗೆ ಹಾಕಿಯೇಬಿಟ್ಟಳು. ಅತ್ತೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ಇದೇನs ಹುಡುಗಿ, ಹಂಡೇ ಬೇಡಿದ್ರ ಸ್ವರಾಜ್ಯ ಕೊಡಸ್ಲಿಕ್ಕೆ ಹೊಂಟಾರ?" ಎಂದರು. ನನಗೆ ಹೆದರಿಕೆಯೂ ನಗುವೂ ಒಟ್ಟಿಗೇ ಬಂದು ಕಣ್ಣಲ್ಲಿ ನೀರಾಡಿತು.

ಸುದ್ದಿ ಪೊಲೀಸ್ ಚೌಕಿಗೂ ಹಾಗೆಯೇ ಮುಟ್ಟಿತ್ತು. ಲಾಠಿ ಹಿಡಿದ ಪೊಲೀಸರ ಒಂದು ಸಾಲೇ ಬಂತು. ಮುಂದೆ ಫೌಜದಾರರು, ಮೈಯೆಲ್ಲ ಬೆವರು. ಜನರನ್ನು ಸರಿಸಿ ಅಂಗಡಿಗೆ ನುಗ್ಗಿದವರು ಕಂಡದ್ದು ಮಾಲೆ ಹಾಕಿಕೊಂಡು ಹಂಡೆಯ ಮೇಲೆ ಕೂತ ನಮ್ಮ ಅತ್ತೆಯನ್ನು.

"ಎಲ್ಲೈತಿ? ಝಂಡೇ ಎಲ್ಲೈತಿ?" ಎಂದು ಬಾವುಟ ಹುಡುಕುತ್ತ ಗದರಿದರು.

"ಝಂಡೇ ಅಲ್ರಿ ಫೌಜದಾರ್ರ, ಹಂಡೇ!" ಎಂದರು ಅತ್ತೆ.

ಇಡೀ ಪೇಟೆ ಗೊಳ್ಳೆಂದಿತು. ಹಿಂದೆ ನಿಂತ ಪೊಲೀಸರು ನಗು ತಡೆಯಲು ಮೀಸೆ ತಿರುವಿದರು. ಫೌಜದಾರರಿಗೂ ನಿರಾಳವಾಗಿರಬೇಕು, ತಲೆಯ ಮೇಲಿನ ಟೋಪಿ ತೆಗೆದು ಗಾಳಿ ಹಾಕಿಕೊಂಡು, ಮಣೆ ಎಳೆದು ಕೂತು, "ಹೇಳ್ರಿ ತಾಯಿ" ಎಂದರು.

ಅತ್ತೆ ಎಲ್ಲವನ್ನೂ ಹೇಳಿದರು. ಹಂಡೆ ನಿಮ್ಮದೆಂಬುದಕ್ಕೆ ಗುರುತೇನು ಎಂದು ಕೇಳಿದಾಗ, ಕೂತಲ್ಲಿಂದಲೇ, "ನನ್ನ ಎಡಗಾಲಿನ ಹತ್ರ ನೋಡ್ರಿ. ಮಾವಿನಕಾಯಿಯಂಥಾ ತ್ಯಾಪಿ. ನನ್ನ ಮಗಾ ಒನಕಿಲೆ ಹೊಡದದ್ದು. ಈಗ ವಕೀಲಿ ಓದ್ಲಿಕ್ಕೆ ಹೋಗ್ಯಾನ, ಬೇಕಾದ್ರ ಅವನ್ನs ಸಾಕ್ಷಿಗೆ ಕರಸ್ತೇನಿ" ಎಂದರು. ಫೌಜದಾರರು ಬಗ್ಗಿ ನೋಡಿದರು. ತೇಪೆ ಇತ್ತು.

"ಆ ಮನಶ್ಯಾಗ ಹಂಡೇ ಕೊಟ್ಟವ್ರು ಯಾರು?"

ಅತ್ತೆ ಒಂದು ಗಳಿಗೆಯೂ ತಡೆಯಲಿಲ್ಲ. "ನಾನs ಕೊಟ್ಟೆ. ಹೆಂಗಸು, ತಿಳೀಲಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಅಂಗಡಿಯವನು ಕೈಮುಗಿದುಕೊಂಡು ಮುಂದೆ ಬಂದ. "ಸಾಹೇಬ್ರ, ನನಗೇನೂ ಗೊತ್ತಿಲ್ರಿ. ಹ್ಯಾಟು ನೋಡಿ ಸರಕಾರದ ಮನಶ್ಯಾ ಅಂದ್ಕೊಂಡೆ. ಇವತ್ತ ಮಧ್ಯಾಹ್ನ ಮತ್ತ ಮಾಲು ತರ್ತೇನಿ ಅಂತ ಹೇಳ್ಯಾನ್ರಿ" ಎಂದು ಹೇಳುತ್ತಿದ್ದಾನೆ, ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಗೆಜ್ಜೆಯ ಸದ್ದಾಯಿತು.

ಒಂದು ಚಕ್ಕಡಿ. ಎತ್ತುಗಳು ಎಳೆಯವು, ಚುರುಕಿನವು. ಹಿಂದೆ ಚಾದರ ಹೊದಿಸಿದ ಪಾತ್ರೆಗಳು. ಮುಂದೆ, ಗಾಡಿಯವನ ಪಕ್ಕ, ಖಾಕಿ ಕೋಟು, ದೊಡ್ಡ ಹ್ಯಾಟು. ಅಂಗಡಿಯ ಮುಂದಿನ ಜನಜಂಗುಳಿ ಅವನಿಗೆ ಅರ್ಥವಾಗುವ ಮೊದಲೇ ಗಾಡಿ ಹತ್ತಿರ ಬಂದುಬಿಟ್ಟಿತ್ತು. ಹೊರಗೆ ನಿಂತಿದ್ದ ಪೊಲೀಸರು ಹ್ಯಾಟು ಕಂಡವರೇ ಹಿಮ್ಮಡಿ ಕೂಡಿಸಿ ಸಲಾಮು ಹೊಡೆದರು. ಆ ಮನುಷ್ಯನೂ ಗಂಭೀರವಾಗಿ ಕೈಯೆತ್ತಿ ಸಲಾಮು ತೆಗೆದುಕೊಂಡ.

"ಅವನs ರೀ! ಅವನs!" ಎಂದು ಅಂಗಡಿಯವನು ಕೂಗಿದ.

ಸಾಹೇಬನಿಗೆ ಆಗ ತಿಳಿಯಿತು. "ಹೊಡಿ ಗಾಡಿ!" ಎಂದ. ಗಾಡಿಯವನು ಬಾರುಕೋಲು ಬೀಸಿದ. ಮೊದಲೇ ಜನರ ಗದ್ದಲಕ್ಕೆ ಬೆದರಿದ್ದ ಎತ್ತುಗಳು ಕಿತ್ತುಕೊಂಡು ಓಡಿದವು. ಪಾತ್ರೆಗಳು ಉರುಳಿದ ಸದ್ದಿಗೆ ಇನ್ನಷ್ಟು ಬೆದರಿದವು. ಜನ ಎರಡೂ ಕಡೆಗೆ ಸರಿದು ದಾರಿ ಬಿಟ್ಟರು. ಪೊಲೀಸರಲ್ಲಿ ಕೆಲವರು ಇನ್ನೂ ಸಲಾಮಿನಲ್ಲೇ ಇದ್ದರು.

ನಾನು ಯಾವಾಗ ಕಟ್ಟೆಯಿಂದ ಇಳಿದೆನೋ ನನಗೇ ಗೊತ್ತಿಲ್ಲ. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿದ್ದೂ ನೆನಪಿಲ್ಲ. ಅಮ್ಮಿನಬಾವಿಯಲ್ಲಿ ಬೆದರಿದ ಹೋರಿಯ ಹಿಂದೆ ಓಡಬಾರದು, ಅಡ್ಡ ಬಂದು ಪಕ್ಕದಿಂದ ಹಿಡಿಯಬೇಕು ಎಂದು ಅಪ್ಪ ಕಲಿಸಿದ್ದು ಕಾಲಿಗೆ ನೆನಪಿತ್ತು. ಸಂದಿಯೊಂದರಿಂದ ನುಗ್ಗಿ ಗಾಡಿಯ ಮುಂದೆ ಬಂದೆ. "ಹೋ ಹೋ ಹೋ, ನಿಲ್ಲಪಾ, ನಿಲ್ಲೋ ನನ್ನ ರಾಜಾ!" ಎಂದು ನನ್ನ ಪೂರ್ತಿ ದನಿ ತೆಗೆದು ಕೂಗಿದೆ. ಎಡಗಡೆಯ ಎತ್ತಿನ ಮೂಗುದಾರ ಕೈಗೆ ಸಿಕ್ಕಿತು. ಜೋತುಬಿದ್ದೆ. ಎತ್ತು ನನ್ನನ್ನು ಒಂದಷ್ಟು ದೂರ ಎಳೆದುಕೊಂಡು ಹೋಗಿ, ತಲೆ ಕೊಡವಿ, ನಿಂತಿತು. ಅದರ ಗಂಗೆದೊಗಲು ಸವರಿದೆ. ಬಿಸಿಯುಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಎಷ್ಟು ತಿಂಗಳಾಗಿತ್ತೋ ಆ ವಾಸನೆ ಬಂದು! ಕಳ್ಳನ ನೆನಪೇ ಹಾರಿಹೋಯಿತು.

ಕಳ್ಳ ಹಾರಿ ಓಡಲು ನೋಡಿದನಂತೆ. ಬೂಟು ಜಾರಿ ತಪೇಲಿಗಳ ರಾಶಿಯ ಮೇಲೆ ಕೂತು, ಅದು ಕುಸಿದು, ಅಗಲ ತಟ್ಟೆಯಂಥ ಪರಾತವೊಂದರಲ್ಲಿ ಜಾರುತ್ತ ನೇರವಾಗಿ, ಬೆನ್ನಟ್ಟಿ ಬಂದ ಫೌಜದಾರರ ಕಾಲಿನ ಹತ್ತಿರ ಬಂದನಂತೆ. ಹ್ಯಾಟು ಉರುಳುತ್ತ ಚರಂಡಿ ಸೇರಿತು. ಹ್ಯಾಟು ಹೋದ ಮೇಲೆ ನೋಡಿದರೆ ಅವನು ಬಡಕಲು, ಬೋಳುತಲೆಯ ಒಬ್ಬ ಸಾಧಾರಣ ಮನುಷ್ಯ. ಹಿಂದೆ ಪ್ಲೇಗಿನ ಡಾಕ್ಟರರ ಹತ್ತಿರ ಜವಾನನಾಗಿದ್ದನೆಂದೂ, ಅವರು ಎಸೆದ ಹ್ಯಾಟು, ಕೋಟುಗಳೇ ಅವನ ಬಂಡವಾಳವೆಂದೂ ಆಮೇಲೆ ತಿಳಿಯಿತು.

ನಾನು ಎತ್ತುಗಳನ್ನು ನಡೆಸಿಕೊಂಡು ಅಂಗಡಿಯ ಮುಂದೆ ತಂದಾಗ ಸೆರಗು ಎಲ್ಲೋ, ತಾಳಿ ಎಲ್ಲೋ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಆಗಲೂ ಹಂಡೆ ಬಿಟ್ಟು ಎದ್ದಿರಲಿಲ್ಲ. ಅಲ್ಲಿಂದಲೇ ಕೈಯೆತ್ತಿ ಎಲ್ಲರಿಗೂ ಕೇಳುವಂತೆ, "ನಮ್ಮ ಸೊಸೀರಿ! ನಮ್ಮ ಸೊಸಿ!" ಎಂದು ಕೂಗುತ್ತಿದ್ದರು.

ಅಂಗಡಿಯವನು ಬೆಪ್ಪಾಗಿ, "ಅವ್ವಾರ, ಲಗ್ನ ಆಗಬೇಕಾದ ಮಗಳು ಅಂದಿದ್ರೆಲ್ಲ?" ಎಂದ.

"ಈಗ ಆತು ನೋಡ್ರಿ" ಎಂದರು ಅತ್ತೆ. ತಮ್ಮ ಕೊರಳಿನ ಮಾಲೆ ತೆಗೆದು ನನ್ನ ಕೊರಳಿಗೆ ಹಾಕಿದರು.

ಆದರೆ ಅಂದು ಹಂಡೆ ನಮ್ಮ ಜೊತೆ ಬರಲಿಲ್ಲ. ಕೋರ್ಟಿನಲ್ಲಿ ಖಟ್ಲೆ ಮುಗಿಯುವ ತನಕ ಅದು ಮುದ್ದೇಮಾಲು, ಕಳುವಿನ ಸಾಕ್ಷಿ, ಚೌಕಿಯಲ್ಲೇ ಇರಬೇಕು ಎಂದರು ಫೌಜದಾರರು. ಬರಿಗೈಯಲ್ಲಿ ರೈಲು ಹತ್ತಿ, ಹಸಿದ ಹೊಟ್ಟೆಯಲ್ಲಿ ಭಕ್ರಿ ಬಿಚ್ಚಿ, ಉಣಕಲ್ ದಾಟುವ ತನಕ ತಿನ್ನುತ್ತ ನಗುತ್ತ ಬಂದೆವು. ಸಲಾಮು ಹೊಡೆದ ಪೊಲೀಸರನ್ನು ಅತ್ತೆ ಕೂತಲ್ಲೇ ಅಣಕಿಸಿ ತೋರಿಸಿದರು. ಮನೆಯಲ್ಲಿ ಮಾವನವರು ಕಟ್ಟೆಯ ಮೇಲೆ ಚಡಪಡಿಸುತ್ತಿದ್ದರು. ಅತ್ತೆ ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ನಾನs ಕೊಟ್ಟೆ ಅಂತ ಹೇಳೇನಿ. ನೀವು ಸುಮ್ಮನಿದ್ದುಬಿಡ್ರಿ" ಎಂದರು. ಮಾವನವರು ಎದ್ದು ಒಳಗೆ ಹೋದರು.

ಖಟ್ಲೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ದೀವಳಿಗೆ ಬಂತು. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುವುದು ನಮ್ಮ ಕಡೆಯ ಪದ್ಧತಿ. ಪಕ್ಕದ ಮನೆಯವರು ಹಬ್ಬಕ್ಕೆಂದು ಒಂದು ಹಂಡೆ ಕೊಟ್ಟಿದ್ದರು. ಆದರೂ ಅತ್ತೆಗೆ ಸಮಾಧಾನವಿಲ್ಲ. "ನಮ್ಮದು ಜೇಲಿನ್ಯಾಗ ಹಂಗs ಕೂತದಲ್ಲ" ಎಂದು ಗೊಣಗಿ, ಕೊನೆಗೆ ಸುಣ್ಣ, ಕೆಮ್ಮಣ್ಣು, ಹುಣಸೆಹಣ್ಣು ಕಟ್ಟಿಕೊಂಡು ನನ್ನನ್ನು ಹೊರಡಿಸಿಯೇಬಿಟ್ಟರು. ಹುಬ್ಬಳ್ಳಿಯ ಚೌಕಿಯಲ್ಲಿ ನಮ್ಮನ್ನು ಕಂಡ ಪೊಲೀಸಪ್ಪನೊಬ್ಬ, "ಹಂಡೇ ಅಮ್ಮಾರು ಬಂದ್ರು!" ಎಂದು ಒಳಗೆ ಓಡಿದ. ಫೌಜದಾರರು ಕಾಯಿದೆ ಹೇಳಲು ಹೋಗಿ, ಅತ್ತೆಯ ಕೈಯಲ್ಲಿದ್ದ ಸುಣ್ಣದ ಬಟ್ಟಲು ನೋಡಿ ಬೀಗ ತೆಗೆಸಿದರು. ನಾವು ಮುದ್ದೇಮಾಲಿನ ಕೋಣೆಯ ಮುಂದೆ ಕೂತು ಹಂಡೆ ತಿಕ್ಕಿದೆವು. ಪೊಲೀಸರು ನೀರು ಸೇದಿ ತಂದರು. ಒಬ್ಬ ಎಲ್ಲಿಂದಲೋ ಬಳ್ಳಿ ಕಿತ್ತು ತಂದ. ಅತ್ತೆ ತೇಪೆಯ ಮೇಲೊಂದು ಕುಂಕುಮದ ಬೊಟ್ಟಿಟ್ಟು, ಎಲ್ಲರಿಗೂ ಕರ್ಚಿಕಾಯಿ ಹಂಚಿದರು. ಫೌಜದಾರರು ಎರಡನೆಯ ಸಲ ಕೇಳಿ ತೆಗೆದುಕೊಂಡರು.

ಕೊನೆಗೂ ಖಟ್ಲೆಯ ದಿನ ಬಂತು. ಮಾವನವರು ಕರೆಯದೆಯೇ ಕೋಟು ಹಾಕಿಕೊಂಡು ನಮ್ಮ ಜೊತೆ ಹೊರಟರು. ಹುಬ್ಬಳ್ಳಿಯ ಕೋರ್ಟಿನಲ್ಲಿ ಮೇಜಿನ ಒಂದು ಬದಿಗೆ ಹಂಡೆ, ಅದರ ಪಕ್ಕ, ಚರಂಡಿಯಿಂದ ಎತ್ತಿ ಒಣಗಿಸಿದ ಹ್ಯಾಟು. ಮ್ಯಾಜಿಸ್ಟ್ರೇಟರು ಅತ್ತೆಯನ್ನು ಕರೆದರು. ಅತ್ತೆ ಕಟೆಕಟೆಯ ಮೆಟ್ಟಿಲಿಗೆ ಕಾಲಿಟ್ಟಿದ್ದರಷ್ಟೇ, ಮಾವನವರು ಎದ್ದು ನಿಂತರು.

"ಸ್ವಾಮಿ, ಒಂದು ಅರಿಕೆ. ಇಕಿ ಪ್ರಮಾಣ ಮಾಡೂಕಿಂತ ಮೊದಲs ಹೇಳ್ತೇನಿ. ಹಂಡೇ ಇಕಿ ಕೊಟ್ಟಿಲ್ಲ. ಇಕಿ ಮನ್ಯಾಗs ಇರಲಿಲ್ಲ. ಕೊಟ್ಟಾಂವ ನಾನು. ಚಹಾ ಕೊಟ್ಟಾಂವನೂ ನಾನು. ಗಾಡಿಗೆ ಎತ್ತಿ ಇಟ್ಟಾಂವನೂ ನಾನು."

ಅವರ ದನಿ ಕೊನೆಯ ಸಾಲಿನವರಿಗೂ ಕೇಳಿಸಿತು. ಮ್ಯಾಜಿಸ್ಟ್ರೇಟರು ಕನ್ನಡಕ ಸರಿಮಾಡಿಕೊಂಡು, "ನೋಡಿದ್ರ ತಿಳುವಳಿಕಿ ಇದ್ದವ್ರ ಹಂಗ ಕಾಣಸ್ತೀರಿ. ಯಾಕ ಕೊಟ್ಟಿರಿ?" ಎಂದು ಕೇಳಿದರು.

ಮಾವನವರು ಮೇಜಿನತ್ತ ಬೆರಳು ತೋರಿಸಿದರು. "ಆ ಹ್ಯಾಟು ನೋಡಿ ಕೊಟ್ಟೆನ್ರಿ."

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಗು ಇಡೀ ಕೋರ್ಟಿಗೆ ಹಬ್ಬಿತು. ಮ್ಯಾಜಿಸ್ಟ್ರೇಟರು ಗೂಟಕ್ಕೆ ತೂಗುಹಾಕಿದ್ದ ತಮ್ಮದೇ ಹ್ಯಾಟನ್ನೊಮ್ಮೆ ತಿರುಗಿ ನೋಡಿ ಕರವಸ್ತ್ರ ಬಾಯಿಗಿಟ್ಟುಕೊಂಡರು. ಆರೋಪಿಯೂ ನಕ್ಕ. ಆಮೇಲೆ ಕೈಮುಗಿದು, "ಯಜಮಾನ್ರು ಖರೇನs ಹೇಳ್ಯಾರ್ರಿ. ಅವ್ರ ಮನ್ಯಾಗ ಸಿಕ್ಕಷ್ಟು ಮರ್ಯಾದಿ ನನಗ ಎಲ್ಲೂ ಸಿಕ್ಕಿಲ್ಲ" ಎಂದು ತಪ್ಪೊಪ್ಪಿಕೊಂಡ. ಅವನಿಗೆ ಸಜೆಯಾಯಿತು. ಊರ ಮುಂದೆ ನಗೆಪಾಟಲಾಗುವ ಹೆದರಿಕೆಯಿಂದ ಇಷ್ಟು ದಿನ ಬಾಡಿಹೋಗಿದ್ದ ಮಾವನವರು, ಊರು ನಿಜಕ್ಕೂ ನಕ್ಕಾಗ ಕಟೆಕಟೆಗೆ ಆತುಕೊಂಡು ತಾವೂ ನಗುತ್ತ ನಿಂತಿದ್ದರು. ಅತ್ತೆ ಮಾತ್ರ ನಗಲಿಲ್ಲ. ಗಂಡನನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

ಅಂದು ಹಂಡೆ ಚಕ್ಕಡಿಯಲ್ಲಿ ಮನೆಗೆ ಬಂತು. ಅತ್ತೆ, ಮಾವ ಹಿಂದೆ ಕೂತರು. ಗಾಡಿಯವನನ್ನು ಒಪ್ಪಿಸಿ ಸ್ವಲ್ಪ ದೂರ ನಾನೇ ಹಗ್ಗ ಹಿಡಿದೆ. ಯಾರೂ ಬೇಡ ಅನ್ನಲಿಲ್ಲ. ಓಣಿಯ ಹೆಂಗಸರು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಉಳಿದ ಮನೆಗಳ ಹಂಡೆಗಳೂ ಒಂದೊಂದಾಗಿ ಬರತೊಡಗಿದ್ದವು, ಓಣಿಗೆ ಓಣಿಯೇ ಹಬ್ಬದ ಗದ್ದಲದಲ್ಲಿತ್ತು.

ಮರುದಿನ ಮುಂಜಾನೆ ಅತ್ತೆ ಒಲೆ ಹೊತ್ತಿಸಿ ನೀರು ಕಾಯಿಸಿದರು. ನಮ್ಮ ಮನೆಯಲ್ಲಿ ಮೊದಲ ಸ್ನಾನ ಯಾವಾಗಲೂ ಮಾವನವರದು. ಅಂದು ಅವರು ಪಂಚೆ, ಟವೆಲ್ ಹಿಡಿದು ಬಚ್ಚಲ ತನಕ ಬಂದವರು ನಿಂತು, "ಮೊದಲ ಹುಡುಗಿದಾಗಲಿ" ಎಂದು ಹೇಳಿ ಪಡಸಾಲೆಗೆ ಹಿಂದಿರುಗಿದರು. ನನಗೆ ನಾಚಿಕೆ. ಅತ್ತೆ ಕೇಳಬೇಕಲ್ಲ! ನನ್ನನ್ನು ಎಳೆದು ಕೂಡಿಸಿ, ತಲೆಗೆ ಎಣ್ಣೆ ತಟ್ಟಿ, ತಂಬಿಗೆ ತುಂಬ ಬಿಸಿನೀರು ಮೊಗೆದು ಸುರಿದರು. ಹೊಗೆ, ಸೀಗೆಕಾಯಿ, ಬಿಸಿ ತಾಮ್ರದ ವಾಸನೆ.

"ಸುಡ್ತದೇನವಾ?"

"ಇಲ್ರಿ ಅತ್ಯಾರ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. "ಇನ್ನಷ್ಟು ಹಾಕ್ರಿ!"